ಖಾಲಿ ಡೈರೆಕ್ಟರಿಗೆ ಮೊದಲ ನೂರು ನಮೂದು: ಎಲ್ಲಿಂದ ತರುವುದು, ಹೇಗೆ ತುಂಬುವುದು

"ಸೈಟ್ ರೆಡಿ ಇದೆ, ಹುಡುಕುವ ಪೆಟ್ಟಿಗೆನೂ ಇದೆ, ಆದರೆ ಒಳಗೆ ಏನೂ ಇಲ್ಲ. ಯಾರೂ ಬಂದು ಹೆಸರು ಸೇರಿಸ್ತಾ ಇಲ್ಲ. ಏನ್ ಮಾಡ್ಲಿ?" ಈ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ಪ್ರತಿಯೊಬ್ಬರಿಗೂ ಅದನ್ನೇ ಬರೆದು ಬರೆದು ಸಾಕಾಗಿದೆ, ಅದಕ್ಕೇ ಒಂದು ಕಡೆ ಪೂರ್ತಿ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಬೇಕಾದರೆ ಇದು: ಯಾರೂ ಬರುವುದಿಲ್ಲ. ಮೊದಲ ನೂರು ನಮೂದನ್ನು ನೀವೇ, ಫೋನ್ ಮಾಡಿ, ಕೈಯಾರೆ ತುಂಬಬೇಕು. ಉದ್ದದ ಉತ್ತರ ಕೆಳಗಿದೆ.

ಒಂದೆರಡು ಪದ ಮೊದಲು ತಿಳಿದುಕೊಳ್ಳಿ. ಡೈರೆಕ್ಟರಿ ಅಂದರೆ ಹೆಸರು, ಊರು, ಫೋನು, ಕೆಲಸದ ವಿವರ ಸಿಗುವ ಪಟ್ಟಿಯ ಜಾಲತಾಣ. ಅದರಲ್ಲಿ ಒಬ್ಬೊಬ್ಬರಿಗೆ ಇರುವ ಪುಟಕ್ಕೆ ಲಿಸ್ಟಿಂಗ್ ಅನ್ನುತ್ತಾರೆ. ನಾನು ಇಲ್ಲಿ ನಮೂದು ಅಂತಲೇ ಬರೆಯುತ್ತೇನೆ. ನಿಶ್ ಡೈರೆಕ್ಟರಿ ಅಂದರೆ ಎಲ್ಲವನ್ನೂ ಹಿಡಿಯಲು ಹೋಗದೆ ಒಂದೇ ಸಣ್ಣ ವಿಷಯಕ್ಕೆ ಅಂಟಿಕೊಂಡಿರುವಂಥದ್ದು.

ಸುಮ್ನೆ ಗಾಳಿಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಅದಕ್ಕೆ ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಬಾಗಲಕೋಟೆ ಜಿಲ್ಲೆಯ ಕೈಮಗ್ಗದವರ ಡೈರೆಕ್ಟರಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಂದರೆ ರವಿಕೆಯ ಬಟ್ಟೆ. ನಿಮ್ಮದು ನಾಟಿ ಬೀಜ ಉಳಿಸುವವರದ್ದಿರಬಹುದು, ಹಾರ್ಮೋನಿಯಂ ರಿಪೇರಿಯವರದ್ದಿರಬಹುದು. ಕ್ರಮ ಅದೇ.

ಒಂದು ಮಾತು ಹಳೆಯ ಕಥೆ. ಯಾಹೂ ಡೈರೆಕ್ಟರಿ 1994ರಲ್ಲಿ ಶುರುವಾಗಿ 2014ರ ಕೊನೆಗೆ ಮುಚ್ಚಿತು. ಸ್ವಯಂಸೇವಕರೇ ಸಂಪಾದಕರಾಗಿ ನಡೆಸುತ್ತಿದ್ದ ಡಿಮಾಜ್ 1998ರಿಂದ 2017ರವರೆಗೆ ಇತ್ತು. ಇಡೀ ಜಗತ್ತನ್ನು ಪಟ್ಟಿ ಮಾಡುವ ಕೆಲಸ ಸರ್ಚ್ ಇಂಜಿನ್‌ಗಳ ಪಾಲಾಯಿತು. ಇನ್ನೊಂದು ಜಾತಿ ಇತ್ತು, ದುಡ್ಡು ಕೊಟ್ಟವರ ಸೈಟು ಗೂಗಲ್ ಫಲಿತಾಂಶದಲ್ಲಿ ಮೇಲೆ ಬರಲಿ ಅಂತ ಬರೀ ಲಿಂಕ್ ಮಾರುವ ಡೈರೆಕ್ಟರಿಗಳು. 2012ರಲ್ಲಿ ಗೂಗಲ್ ಇಂಥ ಲಿಂಕುಗಳನ್ನು ಹಿಡಿಯುವ ಪೆಂಗ್ವಿನ್ ಅನ್ನುವ ಬದಲಾವಣೆ ತಂದ ಮೇಲೆ ಅವುಗಳ ಬೆಲೆ ಇಳಿಯಿತು. ಹಾಗಾದರೆ ಈಗ ಯಾಕೆ ಬೇಕು ಅಂತೀರಾ? ಮ್ಯಾಪ್ ತೆರೆದು ನೋಡಿ, ಇಳಕಲ್‌ನಲ್ಲಿ ಸೀರೆ ಅಂಗಡಿ ಎಲ್ಲಿದೆ ಅಂತ ಅದು ಹೇಳುತ್ತದೆ. ಯಾರ ಮನೆಯಲ್ಲಿ ಕೈಮಗ್ಗ ಇದೆ, ಯಾರು ಒಂದೇ ಒಂದು ಸೀರೆ ಕೇಳಿದರೂ ಕೊಡುತ್ತಾರೆ, ಯಾರು ಬೇಕಾದ ಬಣ್ಣದಲ್ಲಿ ನೇಯ್ದು ಕೊಡುತ್ತಾರೆ ಅನ್ನುವುದು ಅಲ್ಲಿ ಸಿಗುವುದಿಲ್ಲ. ನಿಮ್ಮ ಜಾಗ ಅಲ್ಲಿದೆ.

ಏನೇನು ಬೇಕು

ಒಂದು ಗೂಗಲ್ ಶೀಟ್ ಅಥವಾ ಲಿಬ್ರೆ ಆಫೀಸಿನ ಹಾಳೆ. ಇದಕ್ಕೇ ಅಂತ ಬೇರೆ ಸಿಮ್, ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್. ದಿನಕ್ಕೆ ಎರಡು ಗಂಟೆ, ಸುಮಾರು ಒಂದೂವರೆ ತಿಂಗಳು. ಸಾಫ್ಟ್‌ವೇರಿಗೆ ಈಗಲೇ ದುಡ್ಡು ಹಾಕಬೇಡಿ. ನಾನು ನೋಡಿದ ಜಾಸ್ತಿ ಜನ ಥೀಮ್ ಆರಿಸುವುದರಲ್ಲಿ, ಲೋಗೋ ಮಾಡಿಸುವುದರಲ್ಲಿ ತಿಂಗಳು ಕಳೆದು, ಪಟ್ಟಿ ಮಾಡುವ ಹೊತ್ತಿಗೆ ಸುಸ್ತಾಗಿರುತ್ತಾರೆ.

1. ವಿಷಯವನ್ನು ಇನ್ನೂ ಕಿರಿದು ಮಾಡಿ

"ಕರ್ನಾಟಕದ ಕರಕುಶಲ" ಅಂತ ಶುರು ಮಾಡಿದರೆ ಬೀದರಿನ ಬಿದ್ರಿಗೆ ಎರಡು ನಮೂದು, ಚನ್ನಪಟ್ಟಣದ ಗೊಂಬೆಗೆ ಮೂರು, ಕಿನ್ನಾಳಕ್ಕೆ ಒಂದು, ಮೊಳಕಾಲ್ಮೂರಿಗೆ ಸೊನ್ನೆ. ಬಂದವರಿಗೆ ಯಾವುದೂ ಪೂರ್ತಿ ಸಿಗುವುದಿಲ್ಲ, ಮತ್ತೆ ಬರುವುದೂ ಇಲ್ಲ. ಅದೇ ಗುಳೇದಗುಡ್ಡ ಒಂದೇ ಊರಿನ ಮೂವತ್ತು ಖಣದ ನೇಕಾರರು ಸಿಕ್ಕರೆ? ಅಷ್ಟು ಬೇರೆಲ್ಲೂ ಇಲ್ಲ ಅನ್ನುವ ಕಾರಣಕ್ಕೇ ಜನ ಬರುತ್ತಾರೆ. ಮೊದಲು ಒಂದು ಊರು, ಒಂದು ವಸ್ತು. ಅದು ತುಂಬಿದ ಮೇಲೆ ಪಕ್ಕದ ಊರು: ಕಮತಗಿ, ಸೂಳೇಬಾವಿ, ಆಮೇಲೆ ಇಳಕಲ್. ಸೈಟಿನ ಹೆಸರು ಬೇಕಾದರೆ ದೊಡ್ಡದಿರಲಿ. ಕೆಲಸ ಮಾತ್ರ ಸಣ್ಣದರಿಂದ ಶುರುವಾಗಲಿ.

2. ಯಾರು ಒಳಗೆ, ಯಾರು ಹೊರಗೆ: ಮೊದಲೇ ಬರೆದಿಡಿ

ಇದನ್ನು ಎಲ್ಲರೂ ಹಾರಿಸಿ ಮುಂದಕ್ಕೆ ಹೋಗುತ್ತಾರೆ. ಆಮೇಲೆ ಒದ್ದಾಡುತ್ತಾರೆ.

ಕೈಮಗ್ಗದ ಡೈರೆಕ್ಟರಿ ಅಂತ ಬೋರ್ಡ್ ಹಾಕಿದ ಮೇಲೆ ಪವರ್‌ಲೂಮ್, ಅಂದರೆ ಕರೆಂಟಿನ ಮಗ್ಗದವರು ಬಂದು "ನಮ್ಮದೂ ಇಳಕಲ್ ಸೀರೆನೇ" ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ, ಅವರದ್ದೂ ಹೊಟ್ಟೆಪಾಡೇ. ಆದರೆ ಬೋರ್ಡಿನ ಮೇಲೆ ಕೈಮಗ್ಗ ಅಂತ ಬರೆದಿದ್ದೀರಲ್ಲ. ಒಂದೋ ಅವರನ್ನು ಸೇರಿಸಬೇಡಿ, ಇಲ್ಲವೇ ಪ್ರತಿ ನಮೂದಿನ ತಲೆಯ ಮೇಲೆ ಯಾವ ಮಗ್ಗ ಅಂತ ಎದ್ದು ಕಾಣುವ ಹಾಗೆ ಹಾಕಿ. ಎರಡನ್ನೂ ಕಲಸಿದರೆ ನಿಮ್ಮ ಪಟ್ಟಿಗೆ ಬೆಲೆ ಇಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ನೇಯುವವರೆಲ್ಲ ಮಾರುವವರಲ್ಲ. ಎಷ್ಟೋ ಮನೆಗಳಲ್ಲಿ ನೂಲು ಕೊಡುವವನು ಮಾಲೀಕ, ಇವರು ನೇಯ್ದು ಮಜೂರಿ ತೆಗೆದುಕೊಳ್ಳುತ್ತಾರೆ, ಸೀರೆ ಮಾಲೀಕನದ್ದು. ಈ ಮಾಲೀಕರನ್ನೇ ಇಲಾಖೆಯ ಭಾಷೆಯಲ್ಲಿ ಮಾಸ್ಟರ್ ವೀವರ್ ಅನ್ನುವುದು. ನಾನು ಮೊದಮೊದಲು ಇದು ತಿಳಿಯದೆ ಒಬ್ಬರ ನಂಬರನ್ನು ನೇರ ಮಾರಾಟ ಅಂತ ಹಾಕಿಬಿಟ್ಟಿದ್ದೆ. ವಾರಕ್ಕೆ ಅವರೇ ಫೋನ್ ಮಾಡಿ, "ತಗದ ಬಿಡ್ರಿ ಸರ್, ನಾವು ಮಜೂರಿ ನೇಯೋರು, ಸೀರಿ ನಮ್ಮದಲ್ಲ, ಸಾವಕಾರ್ರು ಸಿಟ್ಟಾಗ್ಯಾರ" ಅಂದರು. ತಪ್ಪು ನನ್ನದು. ಪೆಟ್ಟು ಬಿದ್ದದ್ದು ಅವರಿಗೆ. ಅವತ್ತಿನಿಂದ ನನ್ನ ಮೊದಲ ಪ್ರಶ್ನೆಯೇ "ಸೀರೆ ನಿಮ್ಮದೋ, ಮಾಲೀಕರದ್ದೋ?"

ನಿಮ್ಮ ವಿಷಯದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಹುಡುಕಿ. ಬೀಜದ ಡೈರೆಕ್ಟರಿಯಾದರೆ ಬೀಜ ಕೊಡುವವರು ಬೇರೆ, ತಮ್ಮ ಹೊಲಕ್ಕಷ್ಟೇ ಇಟ್ಟುಕೊಳ್ಳುವವರು ಬೇರೆ. ನಿಯಮವನ್ನು ಐದು ಸಾಲಿನಲ್ಲಿ ಬರೆದು ಸೈಟಿನಲ್ಲಿಯೇ ಹಾಕಿ. ನಾಳೆ ಯಾರಾದರೂ ಜಗಳಕ್ಕೆ ಬಂದರೆ ತೋರಿಸಲು ಆಗುತ್ತದೆ.

3. ಕಾಲಮ್ಮುಗಳನ್ನು ಗೊತ್ತುಮಾಡಿ

ಶೀಟಿನಲ್ಲಿ ಒಂದು ಸಾಲು ಅಂದರೆ ಒಂದು ನಮೂದು. ಕಾಲಮ್ಮುಗಳು ಯಾವುವು ಅಂತ ಯೋಚಿಸುವಾಗ ಕೊಳ್ಳುವವನ ತಲೆಯಿಂದ ಯೋಚಿಸಿ. ನಾನು ಇಡುವವು ಇಷ್ಟು:

- ಹೆಸರು, ಕನ್ನಡದಲ್ಲಿ ಒಂದು, ಇಂಗ್ಲಿಷ್ ಅಕ್ಷರದಲ್ಲಿ ಒಂದು
- ಊರು, ಓಣಿ, ಗುರುತು, ಪಿನ್‌ಕೋಡ್ (ಇಳಕಲ್‌ಗೆ 587125)
- ಫೋನು, ಯಾವ ಹೊತ್ತಿಗೆ ಮಾಡಬೇಕು
- ಮಗ್ಗ: ಕೈಮಗ್ಗ ಅಥವಾ ಪವರ್‌ಲೂಮ್, ಎಷ್ಟು ಇವೆ
- ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಯಾವುದರದ್ದು
- ಬಿಡಿ ಮಾರುತ್ತಾರೋ, ಸಗಟು ಮಾತ್ರವೋ. ಆರ್ಡರ್ ಮೇಲೆ ನೇಯುತ್ತಾರೋ
- ಪಾರ್ಸೆಲ್ ಕಳಿಸುತ್ತಾರೋ
- ಯಾವ ಪ್ರಮಾಣಪತ್ರ ಇದೆ (ಸಿಲ್ಕ್ ಮಾರ್ಕ್ ಥರದ್ದು)
- ಒಪ್ಪಿಗೆ ಕೊಟ್ಟ ದಿನ
- ಕೊನೆಯ ಸಲ ನಾನು ಕೇಳಿ ಖಚಿತ ಮಾಡಿಕೊಂಡ ದಿನ

ಕೊನೆಯ ಎರಡನ್ನು ಬಿಡಲೇಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ರಮಾಣಪತ್ರದ ಕಾಲಮ್ಮಿನಲ್ಲಿ ಒಂದು ಎಚ್ಚರಿಕೆ. ಎಲ್ಲವನ್ನೂ ಸೇರಿಸಿ "ಸರ್ಟಿಫೈಡ್" ಅಂತ ಒಂದೇ ಟಿಕ್ ಹಾಕಬೇಡಿ. ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಅಸಲಿ ಅಂತ. ಕೈಯಲ್ಲಿ ನೇಯ್ದದ್ದೋ ಕರೆಂಟಿನಲ್ಲೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಹೇಳುವುದು ಕೈಮಗ್ಗದ್ದು ಅಂತ. ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಆ ವಸ್ತು ಆ ಪ್ರದೇಶದ್ದು ಅಂತ ಹೇಳುತ್ತದೆ. ಮೂರೂ ಬೇರೆ ಬೇರೆ. ನೀವು ಇದನ್ನು ಬಿಡಿಸಿ ತೋರಿಸಿದರೆ ಅದೇ ನಿಮ್ಮ ಸೈಟಿನ ಅರ್ಧ ಉಪಯೋಗ.

4. ಹೆಸರುಗಳನ್ನು ಹುಡುಕಿ

ಇಲ್ಲಿ ಎಲ್ಲರಿಗೂ ಬರುವ ಆಸೆ ಸ್ಕ್ರೇಪಿಂಗ್. ಅಂದರೆ ಬೇರೆ ಸೈಟಿನಲ್ಲಿರುವ ಮಾಹಿತಿಯನ್ನು ಪ್ರೋಗ್ರಾಂ ಬಿಟ್ಟು ಬಾಚಿಕೊಳ್ಳುವುದು. ಸಾವಿರ ನಮೂದು ಒಂದೇ ರಾತ್ರಿಯಲ್ಲಿ! ಬೇಡ. ಗೂಗಲ್ ಮ್ಯಾಪ್ಸಿನ ಷರತ್ತುಗಳು ಅದನ್ನು ಒಪ್ಪುವುದಿಲ್ಲ. ಅದು ಹಾಗಿರಲಿ, ಬಾಚಿ ತಂದದ್ದರಲ್ಲಿ ಮುಚ್ಚಿದ ಅಂಗಡಿ, ಬದಲಾದ ನಂಬರು, ಒಂದೇ ಮನೆಗೆ ಮೂರು ಹೆಸರು ಎಲ್ಲ ತುಂಬಿರುತ್ತದೆ, ಅದನ್ನು ತೊಳೆಯುವ ಹೊತ್ತಿಗೆ ಫೋನ್ ಮಾಡಿಯೇ ಮುಗಿಸಬಹುದಿತ್ತು ಅನ್ನಿಸುತ್ತದೆ. ಮೇಲಾಗಿ ಅದೇ ಮಾಹಿತಿ ಆಗಲೇ ಇನ್ನೊಂದು ಕಡೆ ಇದೆ, ನಿಮ್ಮಲ್ಲಿಗೆ ಯಾಕೆ ಬರಬೇಕು?

ಹಾಗಾದರೆ ಎಲ್ಲಿಂದ? ನಾನು ಈ ಕ್ರಮದಲ್ಲಿ ಹೋಗುತ್ತೇನೆ.

ಮೊದಲು ಜಿಐ ದಾಖಲೆ. ಜಿಐ ನೋಂದಣಿ ಕಚೇರಿ ಚೆನ್ನೈನಲ್ಲಿದೆ, ಅದರ ದಾಖಲೆಗಳು ಜಾಲತಾಣದಲ್ಲಿ ಸಿಗುತ್ತವೆ. ಒಂದು ವಸ್ತುವಿಗೆ ಟ್ಯಾಗ್ ಸಿಕ್ಕ ಮೇಲೆ ಅದನ್ನು ತಯಾರಿಸುವವರು ಅಧಿಕೃತ ಬಳಕೆದಾರರು ಅಂತ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳುತ್ತಾರೆ. ಇಳಕಲ್ ಸೀರೆ, ಗುಳೇದಗುಡ್ಡ ಖಣ, ಮೊಳಕಾಲ್ಮೂರು ಸೀರೆ, ನವಲಗುಂದದ ಜಮಖಾನ, ಉಡುಪಿ ಸೀರೆ ಎಲ್ಲಕ್ಕೂ ಜಿಐ ಇದೆ. ಅದನ್ನು ಆರಂಭದ ಎಳೆಯಾಗಿ ಹಿಡಿಯಿರಿ, ಅಷ್ಟೆ. ಪೂರ್ತಿ ಪಟ್ಟಿ ಅಂದುಕೊಳ್ಳಬೇಡಿ.

ಎರಡನೆಯದು ನೇಕಾರರ ಸಹಕಾರ ಸಂಘಗಳು. ಸಂಘದ ಕಾರ್ಯದರ್ಶಿ ಒಬ್ಬರು ಒಪ್ಪಿದರೆ ಹತ್ತು ಮನೆಯ ಬಾಗಿಲು ತೆರೆದ ಹಾಗೆ. ಆದರೆ ಸಂಘದವರು ಕೊಟ್ಟ ನಂಬರನ್ನು ಹಾಗೇ ಹಾಕಬೇಡಿ. ಪ್ರತಿಯೊಬ್ಬರನ್ನೂ ನೀವೇ ಕೇಳಬೇಕು.

ಮೂರನೆಯದು ಮೇಳಗಳು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಆಗಾಗ ಕೈಮಗ್ಗ, ಕರಕುಶಲ ಮೇಳ ನಡೆಯುತ್ತದೆ. ಮೈಸೂರು ದಸರಾ ವಸ್ತುಪ್ರದರ್ಶನ ಇದೆ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, ಅದರ ಆಸುಪಾಸಿನಲ್ಲಿ ಇನ್ನೂ ಜಾಸ್ತಿ. ಬನದ ಹುಣ್ಣಿಮೆಯ ಬಾದಾಮಿ ಬನಶಂಕರಿ ಜಾತ್ರೆಗೆ ಹೋದರಂತೂ ಸರಿಯೇ ಸರಿ. ನೇಕಾರ ಸಮುದಾಯವಾದ ದೇವಾಂಗರ ಮನೆದೇವರು ಬನಶಂಕರಿ, ಗುಳೇದಗುಡ್ಡವೂ ಅಲ್ಲಿಗೆ ಹತ್ತಿರ. ಮಳಿಗೆಯಿಂದ ಮಳಿಗೆಗೆ ಹೋಗಿ ವಿಸಿಟಿಂಗ್ ಕಾರ್ಡ್ ತೆಗೆದುಕೊಂಡು, ಅದರ ಹಿಂದೆ ಅಲ್ಲೇ ಎರಡು ಮಾತು ಬರೆದುಕೊಳ್ಳಿ: "ಹತ್ತಿ-ರೇಷ್ಮೆ, ಬಿಡಿ ಕೊಡ್ತಾರೆ." ಮನೆಗೆ ಬಂದು ಬರೆಯೋಣ ಅಂದರೆ ಇಪ್ಪತ್ತು ಕಾರ್ಡೂ ಒಂದೇ ಥರ ಕಾಣುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು: ಫೋನಿನ ಕೊನೆಯಲ್ಲಿ "ನಿಮ್ಮ ಹಾಗೇ ಕೈಮಗ್ಗ ಇಟ್ಟುಕೊಂಡಿರುವ ಇನ್ನಿಬ್ಬರ ಹೆಸರು ಹೇಳ್ತೀರಾ?" ಅಂತ ಕೇಳುವುದು.

ಓಪನ್‌ಸ್ಟ್ರೀಟ್‌ಮ್ಯಾಪಿನ ಮಾಹಿತಿಯನ್ನು ಬಳಸಬಹುದು, ಅದು ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ. ಆದರೆ ಅದರ ಪರವಾನಗಿಯ ಪ್ರಕಾರ ಮೂಲವನ್ನು ಹೆಸರಿಸಬೇಕು, ಅದರಿಂದ ಕಟ್ಟಿದ ದತ್ತಾಂಶವನ್ನು ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು. ನಾನು ಅದನ್ನು ನಕ್ಷೆ ತೋರಿಸಲು ಮಾತ್ರ ಬಳಸುತ್ತೇನೆ.

5. ಫೋನ್ ಮಾಡಿ

ಇದೇ ನಿಜವಾದ ಕೆಲಸ. ಇದಕ್ಕೆ ಹೆದರಿಯೇ ಜನ ಸ್ಕ್ರೇಪಿಂಗ್ ಕಡೆ ಓಡುವುದು.

ಈಗ ಅಪರಿಚಿತ ನಂಬರಿನಿಂದ ಫೋನ್ ಬಂದರೆ ಎಲ್ಲರಿಗೂ ಮೋಸದ ಭಯ, ಅಲ್ವಾ? ಹಾಗಾಗಿ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಆ ಭಯ ಹೋಗಬೇಕು. ನಾನು ಹೇಳುವುದು ಹೆಚ್ಚುಕಡಿಮೆ ಹೀಗೆ:

"ನಮಸ್ಕಾರ್ರೀ. ನಿಮ್ಮ ನಂಬರ್ ಸಂಘದ ಕಾರ್ಯದರ್ಶಿಯವರು ಕೊಟ್ಟರು. ಕೈಮಗ್ಗದವರ ಹೆಸರು, ಊರು ಹಾಕಿ ಒಂದು ಪಟ್ಟಿ ಮಾಡ್ತಾ ಇದ್ದೀನಿ, ಸೀರೆ ಬೇಕಾದವರು ನೇರ ನಿಮಗೇ ಫೋನ್ ಮಾಡಲಿ ಅಂತ. ದುಡ್ಡು ಕೇಳಲ್ಲ, ಓಟಿಪಿ ಕೇಳಲ್ಲ, ಆಧಾರ್ ಕೇಳಲ್ಲ. ಈಗ ಐದು ನಿಮಿಷ ಇದೆಯಾ, ಇಲ್ಲಾ ಸಂಜೆ ಮಾಡಲಾ?"

ನಂಬರ್ ಯಾರು ಕೊಟ್ಟರು ಅನ್ನುವುದು ಮೊದಲ ಮಾತಿನಲ್ಲೇ ಬರಲಿ. "ಸಂಜೆ ಮಾಡಲಾ" ಅನ್ನುವುದೂ ಮುಖ್ಯ. ಮಗ್ಗದ ಮೇಲೆ ಕೂತವರ ಎರಡು ಕೈಯೂ ಎರಡು ಕಾಲೂ ಕೆಲಸದಲ್ಲಿರುತ್ತವೆ, ಫೋನ್ ಹಿಡಿಯಲು ಎದ್ದರೆ ಲಯ ಕೆಡುತ್ತದೆ.

ಕೈಮಗ್ಗವೋ ಅಲ್ಲವೋ ಅಂತ ನೇರ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಬಳಸಿ ಕೇಳಿ. "ಒಂದು ಸೀರೆಗೆ ಎಷ್ಟು ದಿನ ಹಿಡಿಯುತ್ತೆ?" ಉತ್ತರ ದಿನದಲ್ಲಿ ಬಂದರೆ ಒಂದು ಅರ್ಥ, ಗಂಟೆಯಲ್ಲಿ ಬಂದರೆ ಇನ್ನೊಂದು. "ಸೆರಗಿಗೆ ಕೊಂಡಿ ಹಾಕ್ತೀರಾ?" ಅಂತಲೂ ಕೇಳಿ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಸು ಅಂದರೆ ಉದ್ದಕ್ಕೆ ಹೂಡಿದ ನೂಲು, ಹೊಕ್ಕು ಅಂದರೆ ಅಡ್ಡಕ್ಕೆ ಹೊಗಿಸುವ ನೂಲು. ಹೀಗಿರುವುದರಿಂದ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ತಯಾರಾಗಬೇಕು. ಕೊಂಡಿ ಹಾಕುವವರು ಈ ಪ್ರಶ್ನೆ ಕೇಳಿದ ಕೂಡಲೇ ಅರ್ಧ ಗಂಟೆ ಮಾತಾಡುತ್ತಾರೆ. ಹಾಕದವರು ಮಾತು ಬದಲಾಯಿಸುತ್ತಾರೆ. ನಿಮ್ಮ ವಿಷಯಕ್ಕೂ ಇಂಥ ಎರಡು ಪ್ರಶ್ನೆ ಕಂಡುಹಿಡಿದುಕೊಳ್ಳಿ, ಕಸುಬು ಬಲ್ಲವರು ಮಾತ್ರ ಉತ್ತರ ಕೊಡಬಲ್ಲಂಥವು.

ಫೋನ್ ಮುಗಿದ ಕೂಡಲೇ ವಾಟ್ಸ್‌ಆ್ಯಪಿನಲ್ಲಿ ಒಂದು ಸಂದೇಶ ಕಳಿಸಿ: ನಾನು ಇಷ್ಟು ವಿವರ ಇಂಥ ಸೈಟಿನಲ್ಲಿ ಹಾಕುತ್ತೇನೆ, ಸರಿ ಇದ್ದರೆ "ಒಪ್ಪಿಗೆ" ಅಂತ ಬರೆದು ಕಳಿಸಿ, ಬೇಡ ಅನ್ನಿಸಿದ ದಿನ ಹೇಳಿದರೆ ತೆಗೆಯುತ್ತೇನೆ. ಬರೆಯಲು ಬಾರದವರು ಧ್ವನಿ ಸಂದೇಶ ಕಳಿಸಿದರೂ ಆಯಿತು. ಅದನ್ನು ಉಳಿಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ ಒಪ್ಪಿಗೆಗೂ, ಅದನ್ನು ಹಿಂಪಡೆಯುವ ಹಕ್ಕಿಗೂ ದೊಡ್ಡ ಜಾಗ ಇದೆ. ಕಾಯ್ದೆ ಇಲ್ಲದಿದ್ದರೂ ಇನ್ನೊಬ್ಬರ ನಂಬರ್ ಕೇಳದೆ ಊರಿಗೆಲ್ಲ ಹಂಚುವುದು ಸರಿಯಲ್ಲ ಬಿಡಿ.

ಎಷ್ಟು ಹೊತ್ತು ಬೇಕು? ನನ್ನ ಲೆಕ್ಕದಲ್ಲಿ ಒಂದು ಫೋನಿಗೆ ಹತ್ತು ನಿಮಿಷ, ಬರೆಯಲು ಹದಿನೈದು. ದಿನಕ್ಕೆ ನಾಲ್ಕು ಮುಗಿಸಿದರೆ ಎರಡು ಗಂಟೆಯೊಳಗೆ ಆಯಿತು. ಇಪ್ಪತ್ತೈದು ದಿನಕ್ಕೆ ನೂರು. ಫೋನ್ ಎತ್ತದವರು, ನಾಳೆ ಮಾಡಿ ಅನ್ನುವವರು ಎಲ್ಲ ಸೇರಿ ಒಂದೂವರೆ ತಿಂಗಳು ಅಂತಿಟ್ಟುಕೊಳ್ಳಿ.

6. ನಮೂದು ಬರೆಯುವುದು

ಕೆಟ್ಟ ನಮೂದು ಹೇಗಿರುತ್ತದೆ ನೋಡಿ:

"ಉತ್ತಮ ಗುಣಮಟ್ಟದ ಇಳಕಲ್ ಸೀರೆಗಳು ಕೈಗೆಟುಕುವ ಬೆಲೆಯಲ್ಲಿ ದೊರೆಯುತ್ತವೆ. ಗ್ರಾಹಕರ ತೃಪ್ತಿಯೇ ನಮ್ಮ ಗುರಿ."

ಇದನ್ನು ಯಾರ ಹೆಸರಿನ ಕೆಳಗೆ ಹಾಕಿದರೂ ನಡೆಯುತ್ತದೆ. ಅದೇ ಅದರ ದೋಷ. ಈಗ ಇದನ್ನು ನೋಡಿ:

"ಮನೆಯಲ್ಲೇ ಎರಡು ಗುಂಡಿ ಮಗ್ಗ. ಹತ್ತಿ ಒಡಲು, ರೇಷ್ಮೆ ಸೆರಗು; ಚಿಕ್ಕಿ ಪರಾಸ ಮತ್ತು ಗೋಮಿ ದಡಿ ನೇಯುತ್ತಾರೆ. ಒಂದು ಸೀರೆಯನ್ನೂ ಮಾರುತ್ತಾರೆ. ಬಣ್ಣ ಹೇಳಿ ಆರ್ಡರ್ ಕೊಟ್ಟರೆ ಮೂರು ವಾರ ಬೇಕು. ಅಂಚೆಯಲ್ಲಿ ಕಳಿಸುತ್ತಾರೆ. ಕನ್ನಡ, ಮರಾಠಿ ಮಾತಾಡುತ್ತಾರೆ. ಸಂಜೆ ಆರರ ಮೇಲೆ ಫೋನ್ ಮಾಡಿ."

ಗುಂಡಿ ಮಗ್ಗ ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ; ಚಿಕ್ಕಿ ಪರಾಸ, ಗೋಮಿ ಇಳಕಲ್ ಸೀರೆಯ ದಡಿಯ, ಅಂದರೆ ಅಂಚಿನ ವಿನ್ಯಾಸಗಳು. ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಓದಿದವರು ಫೋನ್ ಎತ್ತಿಕೊಳ್ಳುತ್ತಾರೆ. ನಲವತ್ತು ಪದ ಸಾಕು. ಎಐಗೆ ಕೊಟ್ಟು ಇನ್ನೂರು ಪದಕ್ಕೆ ಉಬ್ಬಿಸುವುದೂ ಬೇಡ, ಉಬ್ಬಿಸಿದರೆ ಮತ್ತೆ ಮೊದಲನೆಯದೇ ಆಗುತ್ತದೆ.

ವಿಳಾಸದ ವಿಷಯ. ನೇಕಾರರ ಓಣಿಗಳಲ್ಲಿ ಮನೆ ನಂಬರ್ ಹಿಡಿದು ಹುಡುಕುವುದು ಕಷ್ಟ. "ಗುಡಿ ಹಿಂದಿನ ಓಣಿ, ಎಡಕ್ಕೆ ಮೂರನೇ ಮನೆ" ಅನ್ನುವುದನ್ನು ಹಾಗೇ ಬರೆಯಿರಿ. ಜೊತೆಗೆ ವಾಟ್ಸ್‌ಆ್ಯಪಿನಲ್ಲಿ ಲೊಕೇಶನ್ ತರಿಸಿಕೊಂಡು ಅದರ ಪ್ಲಸ್ ಕೋಡ್ ಹಾಕಿ. ಅದು ಮನೆ ನಂಬರ್ ಇಲ್ಲದ ಜಾಗಕ್ಕೂ ಸಿಗುವ ಚಿಕ್ಕ ಅಕ್ಷರ-ಅಂಕಿಯ ಗುರುತು. ಮನೆಯ ಜಾಗ ತೋರಿಸಲು ಇಷ್ಟವಿಲ್ಲದವರಿಗೆ ಓಣಿಯ ಹೆಸರು ಸಾಕು, ಒತ್ತಾಯ ಬೇಡ.

ಫೋಟೋ ಅವರದ್ದೇ ಇರಲಿ. ಬೇರೆಯವರ ಸೀರೆಯ ಚಿತ್ರ ಎಲ್ಲಿಂದಲೋ ಎತ್ತಿ ಹಾಕಿದರೆ ಒಂದು ದಿನ ಸಿಕ್ಕಿಬೀಳುತ್ತೀರಿ. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ತೆಗೆದ ಜಾಗದ ವಿವರ ಫೈಲಿನೊಳಗೇ ಉಳಿದಿರುತ್ತದೆ, ಹಾಕುವ ಮೊದಲು ಅಳಿಸಿ.

7. ಕನ್ನಡದ ಅಕ್ಷರಗಳ ಕಾಟ

ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದೇ ಇಲ್ಲ, ನಮ್ಮವರು ಮುಗ್ಗರಿಸುವುದು ಇಲ್ಲೇ.

ಸಂಘದವರು ಕೊಡುವ ಹಳೆಯ ಪಟ್ಟಿ ನುಡಿ ಅಥವಾ ಬರಹ ಅನ್ನುವ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಇರಬಹುದು. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡದ ಹಾಗೇ ಕಾಣುತ್ತದೆ, ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಅಕ್ಷರ ಪದ್ಧತಿಯದ್ದಲ್ಲ. ಪರಿವರ್ತಕದಲ್ಲಿ ಹಾಕಿ ಬದಲಾಯಿಸಿ, ಆಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ, ಅಲ್ಲೇ ತಪ್ಪು ಉಳಿಯುವುದು.

ಸಿಎಸ್‌ವಿ ಅಂದರೆ ಅಲ್ಪವಿರಾಮದಿಂದ ಕಾಲಮ್ಮು ಬೇರೆ ಮಾಡಿದ ಸರಳ ಫೈಲು, ಶೀಟಿನಿಂದ ಸೈಟಿಗೆ ಒಟ್ಟಿಗೆ ಏರಿಸುವುದು ಇದರಿಂದಲೇ. ಅದನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಎಷ್ಟೋ ಸಲ ಕನ್ನಡ ಕೆಡುತ್ತದೆ, ಲ್ಯಾಂಡ್‌ಲೈನ್ ನಂಬರಿನ ಮುಂದಿನ ಸೊನ್ನೆ ಹಾರಿಹೋಗುತ್ತದೆ. ತೆರೆದು ಸೇವ್ ಮಾಡಿದರೋ, ಕೆಟ್ಟದ್ದು ಹಾಗೇ ಉಳಿಯಿತು. ಲಿಬ್ರೆ ಆಫೀಸಿನಲ್ಲಿ ಯುಟಿಎಫ್-8 (ಯೂನಿಕೋಡ್ ಅಕ್ಷರ ಉಳಿಸುವ ರೀತಿ) ಆರಿಸಿ ತೆರೆಯಿರಿ, ಫೋನಿನ ಕಾಲಮ್ಮನ್ನು ಪಠ್ಯ ಅಂತ ಗುರುತಿಸಿ.

ಇನ್ನೊಂದು ಕಣ್ಣಿಗೇ ಕಾಣದ ತೊಂದರೆ. "ಕೊ" ಅನ್ನುವುದನ್ನು ಕಂಪ್ಯೂಟರಿನಲ್ಲಿ ಎರಡು ರೀತಿ ಬರೆಯಬಹುದು: "ಕ" ಅಕ್ಷರಕ್ಕೆ ಒಂದೇ ಒಕಾರದ ಚಿಹ್ನೆ, ಅಥವಾ ಎಕಾರ ಮತ್ತು ಊಕಾರದ ಎರಡು ಚಿಹ್ನೆ. ನೋಡಲು ಒಂದೇ. ಆದರೆ ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಕೊಳ್ಳೇಗಾಲ ಪಟ್ಟಿಯಲ್ಲೇ ಇದೆ, ಹುಡುಕಿದರೆ ಇಲ್ಲ ಅನ್ನುತ್ತದೆ! ಏರಿಸುವ ಮೊದಲು ಇಡೀ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ ತಂದುಬಿಡಿ. ಅದು ಎಲ್ಲವನ್ನೂ ಒಂದೇ ರೀತಿಗೆ ತರುವ ಯೂನಿಕೋಡಿನ ಪದ್ಧತಿ, ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ.

ಊರಿನ ಕಾಗುಣಿತ ಜನ ಹೇಗೆ ಬೇಕೋ ಹಾಗೆ ಬರೆಯುತ್ತಾರೆ. ಇಳಕಲ್, ಇಲಕಲ್, ಇಳಕಲ್ಲ. ಮರಾಠಿಯವರು ಇರಕಲ್ ಅನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಈ ಸೀರೆಗೂ ಖಣಕ್ಕೂ ದೊಡ್ಡ ಗಿರಾಕಿ ಇದೆ, ಅವರನ್ನು ಬಿಡಬಾರದು. ತೋರಿಸುವುದಕ್ಕೆ ಒಂದೇ ಕಾಗುಣಿತ ಇಟ್ಟುಕೊಳ್ಳಿ, ಉಳಿದದ್ದೆಲ್ಲ "ಬೇರೆ ಕಾಗುಣಿತ" ಅನ್ನುವ ಮರೆಯ ಕಾಲಮ್ಮಿಗೆ ಹಾಕಿ, ಹುಡುಕಾಟ ಅದನ್ನೂ ನೋಡಲಿ.

8. ಸೈಟಿಗೆ ಏರಿಸಿ

ಇದು ಸುಲಭದ ಭಾಗ. ಸೈಟು ಕಟ್ಟುವ ಸಾಫ್ಟ್‌ವೇರಾದ ವರ್ಡ್‌ಪ್ರೆಸ್ಸಿನಲ್ಲಿ ಜಿಯೋಡೈರೆಕ್ಟರಿ, ಹೈವ್‌ಪ್ರೆಸ್ ಥರದ, ಡೈರೆಕ್ಟರಿ ಸೌಲಭ್ಯ ಜೋಡಿಸುವ ಪ್ಲಗಿನ್‌ಗಳಿವೆ. ಮೊದಲು ಐದೇ ನಮೂದು ಏರಿಸಿ ನೋಡಿ, ಸರಿ ಬಂದರೆ ಉಳಿದದ್ದು.

ಮೂವತ್ತು ನಮೂದು ಆಗುವವರೆಗೆ ಸೈಟನ್ನು ಯಾರಿಗೂ ತೋರಿಸಬೇಡಿ. ಖಾಲಿ ವಿಭಾಗಗಳನ್ನು ಮರೆಮಾಡಿ. ಒಂದು ಊರಿನ ಪುಟದಲ್ಲಿ ಮೂರಕ್ಕಿಂತ ಕಡಿಮೆ ನಮೂದಿದ್ದರೆ ಅದಕ್ಕೆ ನೋಇಂಡೆಕ್ಸ್ ಹಾಕಿ, ಅಂದರೆ ಈ ಪುಟವನ್ನು ಫಲಿತಾಂಶದಲ್ಲಿ ತೋರಿಸಬೇಡ ಅಂತ ಸರ್ಚ್ ಇಂಜಿನ್‌ಗೆ ಹೇಳುವ ಗುರುತು. ಪ್ರತಿ ನಮೂದಿಗೆ ಸ್ಕೀಮಾ ಸೇರಿಸಿ: ಇದು ಹೆಸರು, ಇದು ವಿಳಾಸ ಅಂತ ಯಂತ್ರಕ್ಕೆ ತಿಳಿಯುವ ಹಾಗೆ ಪುಟದೊಳಗೆ ಬರೆಯುವ ಪಟ್ಟಿ. ಪುಟದ ಜಾಲವಿಳಾಸ (ಯುಆರ್‌ಎಲ್) ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ; ಕನ್ನಡದಲ್ಲಿಟ್ಟು ನಕಲು ಮಾಡಿ ವಾಟ್ಸ್‌ಆ್ಯಪಿಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ರೈಲು ಬರುತ್ತದೆ, ವೈರಸ್ ಅಂದುಕೊಂಡು ಯಾರೂ ಒತ್ತುವುದಿಲ್ಲ.

ಏರಿಸಿದ ದಿನವೇ ಆಯಾ ನೇಕಾರರಿಗೆ ಅವರ ಪುಟದ ಲಿಂಕ್ ಕಳಿಸಿ. ಅವರು ಅದನ್ನು ಸ್ಟೇಟಸ್‌ಗೆ ಹಾಕುತ್ತಾರೆ, ಪಕ್ಕದ ಮನೆಯವರು ನೋಡಿ "ನಂದೂ ಹಾಕ್ರಿ" ಅನ್ನುತ್ತಾರೆ. ನೀವು ಇಷ್ಟು ದಿನ ಕಾಯುತ್ತಿದ್ದ "ತಾವಾಗಿ ಬರುವವರು" ಇವರೇ.

9. ಫಾರಂ, ಕಸ, ದುಡ್ಡು

ಸೇರಿಸಿಕೊಳ್ಳುವ ಫಾರಂ ತೆರೆದ ಮರುದಿನವೇ ಜೂಜಿನ ಸೈಟು, ಸಾಲದ ಆ್ಯಪು ಎಲ್ಲ ಬಂದು ಬೀಳುತ್ತವೆ. ಯಾವುದೂ ತಾನಾಗಿ ಪ್ರಕಟವಾಗದ ಹಾಗೆ ಮಾಡಿ. ಫಾರಂನಲ್ಲಿ ಬಂದವರಿಗೂ ಐದನೇ ಹಂತದ ಫೋನು ತಪ್ಪಿದ್ದಲ್ಲ.

ದುಡ್ಡು ಯಾವಾಗ ಕೇಳಬಹುದು ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಸೈಟಿನಿಂದ ಫೋನ್ ಬಂತು ಅಂತ ಹತ್ತು ಜನ ನೇಕಾರರು ಹೇಳುವವರೆಗೆ ಕೇಳಬೇಡಿ. ಆಮೇಲೂ ಬಡ ನೇಕಾರನ ಹತ್ತಿರ ಬೇಡ, ಅಂಗಡಿಯವರ ಹತ್ತಿರ ಕೇಳಿ. ದುಡ್ಡು ಕೊಟ್ಟವರನ್ನು ಮೇಲೆ ತೋರಿಸಿದರೆ "ಜಾಹೀರಾತು" ಅಂತ ಬರೆಯಿರಿ, ಅವರ ಲಿಂಕಿಗೆ ಸ್ಪಾನ್ಸರ್ಡ್ ಅನ್ನುವ ಗುರುತು ಹಾಕಿ. ಅದು ಈ ಲಿಂಕು ಹಣಕ್ಕೆ ಕೊಟ್ಟದ್ದು ಅಂತ ಗೂಗಲ್‌ಗೆ ಹೇಳುತ್ತದೆ.

ವಿಮರ್ಶೆ, ನಕ್ಷತ್ರ ಇವೆಲ್ಲ ಮೊದಲ ವರ್ಷ ಬೇಡವೇ ಬೇಡ. ಎರಡೇ ವಿಮರ್ಶೆ ಇದ್ದು ಒಂದು ಕೆಟ್ಟದಾದರೆ ಒಬ್ಬರ ಹೊಟ್ಟೆಯ ಮೇಲೆ ಹೊಡೆದ ಹಾಗೆ, ಅದು ನಿಜವೋ ಸುಳ್ಳೋ ನೋಡುವ ಶಕ್ತಿ ನಿಮಗೆ ಇನ್ನೂ ಇರುವುದಿಲ್ಲ.

10. ಮತ್ತೆ ಫೋನ್ ಮಾಡಿ

ಆರು ತಿಂಗಳಿಗೊಮ್ಮೆ ಪ್ರತಿ ನಮೂದಿಗೂ. "ಕೊನೆಯ ಸಲ ಖಚಿತ ಮಾಡಿಕೊಂಡ ದಿನ" ಅನ್ನುವ ಕಾಲಮ್ಮು ಹೇಳಿದ್ದೆನಲ್ಲ, ಶೀಟನ್ನು ಅದರ ಪ್ರಕಾರ ಹಳೆಯದು ಮೇಲೆ ಬರುವ ಹಾಗೆ ಜೋಡಿಸಿ, ದಿನಕ್ಕೆ ಎರಡು ಮುಗಿಸಿ. ಆ ದಿನಾಂಕವನ್ನು ಪುಟದಲ್ಲೂ ತೋರಿಸಿ. ಕೊಳ್ಳುವವರು ಅದನ್ನು ನೋಡುತ್ತಾರೆ.

ನಂಬರ್ ಬದಲಾಗಿರುತ್ತದೆ. ಮಗ ಬೆಂಗಳೂರಿಗೆ ಹೋಗಿ ಒಂದು ಮಗ್ಗ ನಿಂತಿರುತ್ತದೆ. ಮಳೆಗಾಲದಲ್ಲಿ ಗುಂಡಿ ಮಗ್ಗದ ಗುಂಡಿಗೆ ನೀರು ಬಂದು ಕೆಲಸ ನಿಂತಿರುತ್ತದೆ, ಅಂಥವರಿಗೆ "ಸದ್ಯಕ್ಕೆ ಆರ್ಡರ್ ಇಲ್ಲ" ಅಂತ ಒಂದು ಗುರುತು ಹಾಕಿ, ನಮೂದನ್ನು ಅಳಿಸಬೇಡಿ. ಮೂರು ಸಲ ಬೇರೆ ಬೇರೆ ಹೊತ್ತಿನಲ್ಲಿ ಮಾಡಿದರೂ ಎತ್ತದವರನ್ನು ಮರೆಗೆ ಸರಿಸಿ, ಸಂಘದವರ ಹತ್ತಿರ ವಿಚಾರಿಸಿ. ಫೋನ್ ಎತ್ತಿದವರ ಹತ್ತಿರ ಕೊನೆಗೆ ಅದೇ ಹಳೆಯ ಪ್ರಶ್ನೆ: ಇನ್ನಿಬ್ಬರ ಹೆಸರು ಹೇಳ್ತೀರಾ?